ಹಾರ್ನ್ ಕೇಳಿದ ಮೇಲೆ ಬಾಣಲೆಗೆ ಮೀನು

ನನ್ನ ಕೆಲಸ ಹೊಲಿಗೆ ಯಂತ್ರದ ರಿಪೇರಿ. ಹೊಳೆಯ ಉದ್ದಕ್ಕೂ ಇರುವ ಊರುಗಳಿಗೆ ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗುತ್ತೇನೆ. ಹೆಗಲಿಗೆ ಸ್ಕ್ರೂಡ್ರೈವರ್, ಎಣ್ಣೆ ಬುಡ್ಡಿ, ಸೂಜಿ, ಬೆಲ್ಟು ತುಂಬಿದ ಚೀಲ. ಹೆಂಗಸು ಯಂತ್ರ ಬಿಚ್ಚುತ್ತಾಳಂತೆ ಎಂದು ಮೊದಮೊದಲು ಕಣ್ಣು ಕಣ್ಣು ಬಿಟ್ಟವರೇ ಈಗ ನಾನು ಇಳಿಯುವ ಮೊದಲೇ ಮನೆಯ ಕೆಟ್ಟ ಗಡಿಯಾರವನ್ನೂ ಹಿಡಿದುಕೊಂಡು ನಿಂತಿರುತ್ತಾರೆ. ಇಷ್ಟು ವರ್ಷ ಈ ದಾರಿಯಲ್ಲಿ ತಿರುಗಿ ನಾನು ಸಂಪಾದಿಸಿದ್ದು ಎರಡೇ: ಒಂದು ನಡುನೋವು, ಇನ್ನೊಂದು ಎಲ್ಲಿ ತಿನ್ನಬೇಕು, ಎಲ್ಲಿ ತಿನ್ನಬಾರದು ಎಂಬ ಜ್ಞಾನ. ಎರಡನೆಯದನ್ನು ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ.

ಮೇಲಿನ ಪೇಟೆಯಲ್ಲಿ ಬಸ್ ನಿಲ್ದಾಣದ ಎದುರಿನ ದೊಡ್ಡ ಹೋಟೆಲಿಗೆ ಹೋಗಬೇಡಿ. ಅಲ್ಲಿ ಕುರ್ಚಿ ಚೆನ್ನಾಗಿದೆ, ಅಷ್ಟೇ. ಅದರ ಹಿಂದಿನ ಓಣಿಯಲ್ಲಿ ಒಬ್ಬ ಮುದುಕ ಕಾವಲಿಯ ಮೇಲೆ ಮೊಟ್ಟೆ ಹೊಯ್ದು ಕೊಡುತ್ತಾನೆ. ಬಾಯಿಗೆ ಬಂದಂತೆ ಬೈಯುತ್ತಾನೆ, ಬೈಸಿಕೊಳ್ಳಿ, ಮೊಟ್ಟೆ ಬೇರೆಲ್ಲೂ ಹಾಗೆ ಸಿಗುವುದಿಲ್ಲ. ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಗಿರಣಿಯವನ ಅತ್ತೆ ರೊಟ್ಟಿ ಸುಡುತ್ತಾಳೆ. ಕಲ್ಲಿನಿಂದ ಆಗಷ್ಟೇ ಇಳಿದ ಹಿಟ್ಟನ್ನು ಬಿಸಿ ಆರುವ ಮೊದಲೇ ಕಲಸಿದ್ದು, ಪಲ್ಯವೂ ಬೇಡ, ಬರೀ ಉಪ್ಪು ಸಾಕು. ಮರಳು ದಿಬ್ಬದ ಬಳಿ ಚಹಾ ಮಾತ್ರ ಕುಡಿಯಿರಿ, ಗಾಜಿನ ಡಬ್ಬಿಯಲ್ಲಿರುವುದನ್ನು ಮುಟ್ಟಬೇಡಿ, ಅದು ನನಗಿಂತ ಹಿರಿಯದು. ಇನ್ನು ಪೆಟ್ರೋಲ್ ಬಂಕಿನ ಕ್ಯಾಂಟೀನು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ, ಈಗಲೇ ಬಂದರೆ ಸಿಟ್ಟು ನೆತ್ತಿಗೇರುತ್ತದೆ.

ಇವೆಲ್ಲ ಒಂದು ತೂಕವಾದರೆ ತಿರುವಿನಕ್ಕನ ಅಂಗಡಿಯ ಊಟವೇ ಒಂದು ತೂಕ. ಹೊಳೆ ಬಾಗುವ ಕಡೆ, ಈಚೆ ದಡದಲ್ಲಿ ಅವಳ ಅಂಗಡಿ. ಮುಂದೆ ರಸ್ತೆ, ಹಿಂದೆ ನೀರು. ನಾವು ಬಸ್ಸಿನವರು ಬರುವುದು ಆಚೆ ದಡದ ರಸ್ತೆಯಲ್ಲಿ. ತಿರುವಿನಲ್ಲಿ ಅಂಗಡಿಯ ಹಿಂಭಾಗ ಎದುರಿಗೇ ಕಾಣುತ್ತದೆ, ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಸೇತುವೆ ಇರುವುದು ದೂರ ಕೆಳಗೆ. ಅಲ್ಲಿಯವರೆಗೆ ಹೋಗಿ, ದಾಟಿ, ಈಚೆ ದಡದಲ್ಲಿ ಹಿಂದಕ್ಕೆ ಬರಬೇಕು. ಎದುರಿಗಿರುವ ಊಟಕ್ಕೆ ಅಷ್ಟು ಸುತ್ತು ಹಾಕಬೇಕಲ್ಲ ಎಂದು ಹೊಸಬರು ಗೊಣಗುತ್ತಾರೆ. ಹಳಬರಿಗೆ ಗೊತ್ತು, ಆ ಸುತ್ತೇ ಊಟದ ರುಚಿ.

ಹೇಗೆಂದರೆ, ಡ್ರೈವರ್ ತಿರುವಿನಲ್ಲಿ ಹಾರ್ನ್ ಊದುತ್ತಿದ್ದ. ಬಸ್ಸು ತುಂಬಿದ್ದರೆ ಉದ್ದ, ಖಾಲಿ ಇದ್ದರೆ ಗಿಡ್ಡ. ಹಾರ್ನ್ ಕೇಳಿದ ಮೇಲೇ ಅಕ್ಕ ಸೀಮೆಎಣ್ಣೆ ಒಲೆಗೆ ಪಂಪು ಹೊಡೆದು ಬಾಣಲೆಗೆ ಎಣ್ಣೆ ಹಾಕುತ್ತಿದ್ದಳು. ಅದಕ್ಕೂ ಮೊದಲು ಅಡುಗೆಮನೆಯ ಹಿಂದಿನ ಕಿಟಕಿಯಿಂದ ಸೌಟು ಹೊರಗೆ ಚಾಚಿ ಅಲ್ಲಾಡಿಸುತ್ತಿದ್ದಳು. ಕೇಳಿಸಿತು ಎಂದು ಅರ್ಥ. ಬಸ್ಸು ಸುತ್ತು ಮುಗಿಸಿ ಅಂಗಡಿಯ ಮುಂದೆ ನಿಲ್ಲುವ ಹೊತ್ತಿಗೆ ಮೀನು ಬಾಣಲೆಯಿಂದ ಎದ್ದು ಬರುತ್ತಿತ್ತು, ಅನ್ನದ ಮೇಲೆ ಹಬೆ ಆಡುತ್ತಿತ್ತು. ಇಡೀ ಕಣಿವೆಯಲ್ಲಿ ನಮ್ಮ ಬಸ್ಸಿನವರು ಮಾತ್ರ ಹೊಳೆಯ ಆಚೆ ದಡದಲ್ಲಿ ಹೇಳಿ ಈಚೆ ದಡದಲ್ಲಿ ಉಣ್ಣುವವರು.

ಇನ್ನೊಂದು ವಿಶೇಷ, ಅಕ್ಕ ಏನು ಬೇಕೆಂದು ಯಾರನ್ನೂ ಕೇಳುತ್ತಿರಲಿಲ್ಲ. ಮುಖ ನೋಡಿ ಬಡಿಸುತ್ತಿದ್ದಳು. "ನಿಂಗಿವತ್ತು ಹೊಟ್ಟೆ ಸರಿ ಇಲ್ಲ, ಮೀನು ಬೇಡ, ಗಂಜಿ ಕುಡಿ" ಎಂದರೆ ಮುಗಿಯಿತು, ಅಪೀಲಿಲ್ಲ. ಒಲೆಗಳ ಗದ್ದಲಕ್ಕೆ ಅವಳೂ ಕಿರುಚುತ್ತಿದ್ದಳು, ನಾವೂ ಕಿರುಚುತ್ತಿದ್ದೆವು. ಹೊರಗಿನಿಂದ ಕೇಳಿದವರಿಗೆ ಜಗಳ ನಡೆಯುತ್ತಿದೆ ಎನಿಸಬೇಕು.

ಆ ಡ್ರೈವರ್ ಬೇರೆ ಯಾರೂ ಅಲ್ಲ, ಅಕ್ಕನ ಸ್ವಂತ ತಮ್ಮ. ಅಪ್ಪ ಅಮ್ಮ ಇಬ್ಬರೂ ಒಂದೇ ಜ್ವರದಲ್ಲಿ ಹೋದಾಗ ಅವನಿನ್ನೂ ಅಂಬೆಗಾಲಿಡುವ ಮಗು. ಅಕ್ಕ ಅವನನ್ನು ಸೊಂಟದಲ್ಲಿಟ್ಟುಕೊಂಡೇ ಅಪ್ಪನ ಅಂಗಡಿಯ ಬಾಗಿಲು ತೆಗೆದಳು. ಕೇಳಿಕೊಂಡು ಬಂದ ಗಂಡುಗಳಿಗೆಲ್ಲ "ಇವನಿಗೊಂದು ದಾರಿ ಆಗ್ಲಿ, ಆಮೇಲೆ ನೋಡೋಣ" ಎಂದಳು. ಅವನಿಗೆ ದಾರಿ ಆಗುವ ಹೊತ್ತಿಗೆ ಗಂಡುಗಳು ಬರುವುದು ನಿಂತಿತ್ತು. ಅವನಿಗೆ ಸಿಕ್ಕ ದಾರಿಯೂ ಎಂಥದು! ಮನೆಯ ಮುಂದೆಯೇ ಹಾದುಹೋಗುವ ಬಸ್ಸಿನದು. ಮೊದಲ ದಿನ ತಿರುವಿನ ಉದ್ದಕ್ಕೂ ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲವಂತೆ. ಅಕ್ಕ ಸೌಟು ಹಿಡಿದು ಕಿಟಕಿಗೆ ಓಡಿಬಂದು, ಅತ್ತು, ನಕ್ಕು, ಕೊನೆಗೆ ಮೀನು ಸೀಯಿಸಿದಳು. ಸೀದ ಮೀನನ್ನೇ ಅವನು ನಾಲಿಗೆ ಚಪ್ಪರಿಸಿ ತಿಂದ ಎಂದು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಹೊಳೆಯ ಗಾಳಿಗೆ ಒಲೆ ಮತ್ತೆ ಮತ್ತೆ ಆರುತ್ತದೆ, ಅಕ್ಕ ಪಂಪು ಹೊಡೆದು ಹೊಡೆದು ಸೋಲುತ್ತಾಳೆ ಎಂದು ತಮ್ಮನೇ ಒಂದು ವರ್ಷ ಆ ಕಿಟಕಿಗೆ ತಗಡು ಹಾಕಿ, ಸ್ಕ್ರೂ ಬಿಗಿದು ಮುಚ್ಚಿದ. ನಾನು ಅಂದು ಅಲ್ಲೇ ಇದ್ದೆ, ಸ್ಕ್ರೂಡ್ರೈವರ್ ನನ್ನದೇ.

"ಇನ್ಮೇಲೆ ಸೌಟು ಹೇಗೋ ತೋರಿಸ್ಲಿ?" ಎಂದಳು ಅಕ್ಕ.

"ತೋರಿಸ್ಬೇಡ ಬಿಡು. ನಾನು ಊದ್ತೀನಿ, ನೀನು ಕೇಳಿಸ್ಕೋ. ನಮ್ಮಿಬ್ರಿಗೆ ಅಷ್ಟು ಸಾಲದಾ?"

ಕೆಲವು ವರ್ಷ ಅಷ್ಟು ಸಾಕಾಗಿತ್ತು. ತಮ್ಮ ನಲವತ್ತು ದಾಟಿದ ಮೇಲೆ ಕೆಳಗಿನ ಪೇಟೆಯ ಆಸ್ಪತ್ರೆಯ ನರ್ಸೊಬ್ಬಳನ್ನು ಮದುವೆಯಾದ. ಅಕ್ಕನ ಸಂಭ್ರಮ ನೋಡಬೇಕಿತ್ತು, ಅಂದು ಬಸ್ಸಿನವರಿಗೆಲ್ಲ ಎರಡೆರಡು ಮೀನು. ಬಡಿಸುತ್ತಾ ಒಂದು ತಮಾಷೆ ಮಾಡಿದಳು: "ಇನ್ಮೇಲೆ ಇವನಿಗೆ ನನ್ನ ಕೈಯಡುಗೆ ಸಪ್ಪೆ ಆಗತ್ತೆ, ನೋಡ್ತಿರಿ." ಎಲ್ಲರೂ ನಕ್ಕೆವು, ಅವನೂ ನಕ್ಕ. ಆ ಮಾತು ಅಲ್ಲಿಗೇ ಮುಗಿಯಬೇಕಿತ್ತು.

ಆಮೇಲೆ ಶುರುವಾಯಿತು. ಬಸ್ಸು ಬಂದು ನಿಂತರೆ ಒಲೆಯೇ ಹಚ್ಚಿರುತ್ತಿರಲಿಲ್ಲ. ಅಕ್ಕ ಸೊಪ್ಪು ಸೋಸುತ್ತಲೋ ಪಾತ್ರೆ ಬೆಳಗುತ್ತಲೋ ಕೂತಿರುತ್ತಿದ್ದಳು, ನಮ್ಮನ್ನು ಕಂಡು ಗಾಬರಿಯಾಗಿ ಏಳುತ್ತಿದ್ದಳು. ಮೊದಲ ಸಲ ಎಲ್ಲರೂ ಸುಮ್ಮನಿದ್ದೆವು. ಮತ್ತೆ ಮತ್ತೆ ಹಾಗೇ ಆದಾಗ ಹಸಿದವರ ಬಾಯಿ ಸುಮ್ಮನಿರುತ್ತದೆಯೇ? ತಮ್ಮ ಕೇಳಿದ, "ಅಷ್ಟು ಉದ್ದ ಊದಿದೀನಿ, ಇನ್ನೂ ಎಣ್ಣೆನೇ ಇಟ್ಟಿಲ್ವಲ್ಲೇ ಅಕ್ಕ?"

"ಎಲ್ಲಿ ಊದಿದೆ? ಮರ್ತಿದ್ರೆ ಮರ್ತೆ ಅನ್ನು, ಅದಕ್ಕೇನಂತೆ."

"ನಾನ್ಯಾಕೆ ಮರೀಲಿ? ದಿನಾ ಊದೋ ಜಾಗದಲ್ಲೇ ಊದಿದೀನಿ."

ಊದಿದ್ದು ನಿಜವೇ ಎಂದು ಹಿಂದಿನ ಸೀಟಿನವರೊಬ್ಬರು ಸಾಕ್ಷಿ ಹೇಳಿದರು. ಅಕ್ಕನಿಗೆ ಅದು ಮುಖಕ್ಕೆ ಹೊಡೆದಂತಾಯಿತು. ಒಂದು ಮಧ್ಯಾಹ್ನ ಬಸ್ಸು ಕಿಕ್ಕಿರಿದಿತ್ತು, ಮಕ್ಕಳು ಹಸಿವಿಗೆ ಅಳುತ್ತಿದ್ದವು, ಅಂದು ಮಾತಿಗೆ ಮಾತು ಬೆಳೆಯಿತು.

"ನನ್ನ ಮದುವೆ ನಿಂಗೆ ಇಷ್ಟ ಇರ್ಲಿಲ್ಲ ಅಂತ ನೇರ ಹೇಳ್ಬಿಡು," ಎಂದ ತಮ್ಮ. "ಉಣ್ಣೋಕೆ ಬಂದೋರ ಮೇಲೆ ಯಾಕೆ ಸಿಟ್ಟು ತೀರಿಸ್ಕೋತೀಯ?"

"ನಿನ್ನ ಎತ್ತಿ ಆಡಿಸಿದೋಳು ನಾನು. ಇಷ್ಟು ಜನರ ಮುಂದೆ ನನ್ನನ್ನೇ ಸುಳ್ಳಿ ಮಾಡ್ತೀಯಾ? ನಂಗೋಸ್ಕರ ಒಂದು ಹಾರ್ನ್ ಊದೋಕೂ ಕೈ ಬರಲ್ಲ ಅಂದ್ರೆ ಇಲ್ಲಿ ಬಸ್ಸೇ ನಿಲ್ಲಿಸ್ಬೇಡ ಹೋಗು!"

"ಸರಿ. ನಿಲ್ಲಿಸಲ್ಲ."

ಅವನು ಅರ್ಧ ಊಟದಲ್ಲಿ ಕೈ ತೊಳೆದು ಸೀಟಿಗೆ ಹೋಗಿ ಕೂತ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು. ತಮ್ಮನ ಮದುವೆಯಾದ ಮೇಲೆ ಅಕ್ಕನಿಗೆ ಹೊಟ್ಟೆಕಿಚ್ಚು ಎಂದು ಒಬ್ಬರು, ಅಂದೇ ಹೇಳಿದ್ದಳಲ್ಲ ಸಪ್ಪೆಯಾಗುತ್ತದೆ ಎಂದು, ಎಂದು ಇನ್ನೊಬ್ಬರು. ಎಲ್ಲರ ಬಳಿಯೂ ಒಂದು ಕಾರಣ ಸಿದ್ಧವಾಗಿತ್ತು. ಕಾರಣ ಸಿಕ್ಕ ಮೇಲೆ ಇನ್ನೊಂದನ್ನು ಹುಡುಕುವ ತೊಂದರೆ ಯಾರೂ ತೆಗೆದುಕೊಳ್ಳುವುದಿಲ್ಲ.

ಮರುದಿನದಿಂದ ಊಟಕ್ಕೆ ಪೆಟ್ರೋಲ್ ಬಂಕಿನ ಕ್ಯಾಂಟೀನು. ಈಗ ಹೇಳುತ್ತೇನೆ ಕೇಳಿ. ಅಲ್ಲಿಯ ಅನ್ನ ಬೆಳಿಗ್ಗೆ ಸತ್ತಿರುತ್ತದೆ, ಮಧ್ಯಾಹ್ನ ಅದಕ್ಕೆ ಬಿಸಿನೀರು ಎರಚಿ ಎಬ್ಬಿಸುತ್ತಾರೆ. ಮೀನು ಯಾವುದು, ತಟ್ಟೆ ಯಾವುದು ಎಂದು ಅಗಿದು ನೋಡಿಯೇ ತಿಳಿಯಬೇಕು. ನಾನು ಅಲ್ಲಿ ಮೇಜು ಗುದ್ದಿ ಜಗಳವಾಡದ ವಾರವಿಲ್ಲ. ಡ್ರೈವರಿಗೆ ಅಲ್ಲಿ ಪ್ರತ್ಯೇಕ ಮೇಜು, ದೊಡ್ಡ ತಟ್ಟೆ. ಅವನು ಅನ್ನವನ್ನು ಅತ್ತಿತ್ತ ಸರಿಸಿ ಎದ್ದುಬಿಡುತ್ತಿದ್ದ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅವನ ಅಂಗಿ ಭುಜದಿಂದ ಜಾರತೊಡಗಿತ್ತು.

ಆದರೆ ತಿರುವಿನಲ್ಲಿ ಹಾರ್ನ್ ಊದುವುದನ್ನು ಅವನು ಒಂದು ದಿನವೂ ಬಿಡಲಿಲ್ಲ. ನಾನು ಯಾವಾಗಲೂ ಮುಂದಿನ ಸೀಟಿನವಳು, ಕಣ್ಣಾರೆ ಕಂಡಿದ್ದೇನೆ. ತಿರುವು ಬಂದೊಡನೆ ವೇಗ ಇಳಿಸುತ್ತಿದ್ದ, ಉದ್ದಕ್ಕೆ ಊದುತ್ತಿದ್ದ, ಎದುರು ದಡದಲ್ಲಿ ಅಂಗಡಿಯ ಹಿಂಬಾಗಿಲಿನ ಮೇಲೆ ಕಣ್ಣಿಡುತ್ತಿದ್ದ. ಬಾಗಿಲು ತೆರೆಯುತ್ತಿರಲಿಲ್ಲ.

"ಇವತ್ತೂ ಬರಲಿಲ್ಲ ನೋಡಿ," ಎನ್ನುತ್ತಿದ್ದ ನನಗೆ. "ಊಟ ಇಡೋದೇನೂ ಬೇಡ. ಹಿಂಬಾಗಿಲಿಗೆ ಬಂದು ಒಂದ್ಸಲ ಸೌಟು ತೋರಿಸ್ಲಿ ಸಾಕು. ಆ ಕ್ಷಣದಿಂದ ಬಸ್ಸು ಅಲ್ಲೇ ನಿಲ್ಲತ್ತೆ. ನಾನು ಇಷ್ಟು ಇಳಿದಿದೀನಿ, ಅವಳು ಅಷ್ಟೂ ಇಳಿಯಲ್ಲ ಅಂದ್ರೆ ಏನು ಮಾಡ್ಲಿ?"

ಸೇತುವೆ ದಾಟಿ ಅಂಗಡಿಯ ಮುಂದೆ ಹಾದುಹೋಗುವಾಗ ಅಕ್ಕ ಒಳಕ್ಕೆ ಮುಖ ತಿರುಗಿಸಿಕೊಂಡು ಕೂತಿರುತ್ತಿದ್ದಳು. ಅವನು ರಸ್ತೆಯಿಂದ ಕಣ್ಣು ಕದಲಿಸುತ್ತಿರಲಿಲ್ಲ. ಎಂಥ ಹಟಮಾರಿ ಹೆಂಗಸು ಎಂದು ನಾವೆಲ್ಲ ಅಕ್ಕನನ್ನೇ ಬೈದುಕೊಳ್ಳುತ್ತಿದ್ದೆವು.

ಒಂದು ಬೆಳಿಗ್ಗೆ ಡಿಪೋದಲ್ಲಿ ಟೈರು ಬದಲಿಸುತ್ತಿದ್ದ ತಮ್ಮ ಎದೆ ಹಿಡಿದುಕೊಂಡು ಅದೇ ಟೈರಿನ ಮೇಲೆ ಕೂತ, ಮತ್ತೆ ಏಳಲಿಲ್ಲ. ಅಕ್ಕ ಬಂದಳು. ಅವನ ಹೆಂಡತಿ ಓಡಿಹೋಗಿ ಅವಳನ್ನು ತಬ್ಬಿ ಗೋಳಾಡಿದಳು, ಕಿವಿಯ ಹತ್ತಿರ ಏನೇನೋ ಹೇಳಿದಳು. ಅಕ್ಕ ಉತ್ತರ ಕೊಡಲಿಲ್ಲ, ತಮ್ಮನ ಕಾಲಿನ ಬಳಿ ನಿಂತು ಅವನ ಮುಖವನ್ನೇ ನೋಡಿದಳು. ಕಲ್ಲು ಮನಸ್ಸು, ಒಂದು ಹನಿ ಕಣ್ಣೀರಿಲ್ಲ ಎಂದು ಜನ ಪಿಸುಗುಟ್ಟಿದರು.

ಹೊಸ ಡ್ರೈವರ್ ಬಂದ. ಅವನನ್ನು ಈ ದಾರಿಯಲ್ಲಿ ತರಬೇತಿ ಮಾಡಿದ್ದು ತಮ್ಮನೇ, ಹಾಗಾಗಿ ತಿರುವಿನಲ್ಲಿ ಊದಲೇಬೇಕು ಎಂಬುದು ಅವನಿಗೆ ರೂಢಿ. ಯಾಕೆಂದು ಅವನಿಗೆ ಗೊತ್ತಿರಲಿಲ್ಲ. ಕ್ಯಾಂಟೀನಿನ ಅನ್ನ ಸಾಕಾಗಿದ್ದ ನಾವೆಲ್ಲ ಸೇರಿ ಗಲಾಟೆ ಮಾಡಿ ಬಸ್ಸನ್ನು ಮತ್ತೆ ಅಕ್ಕನ ಅಂಗಡಿಗೆ ತಿರುಗಿಸಿದೆವು. ಅಕ್ಕ ಬೇಡವೆನ್ನಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ. ಗಡಿಯಾರ ನೋಡಿ ಮೊದಲೇ ಮೀನು ಕರಿದು ಮುಚ್ಚಿಡುತ್ತಿದ್ದಳು. ಬಸ್ಸು ತಡವಾದ ದಿನ ಮೀನು ತಣ್ಣಗಾಗಿ ಮೆತ್ತಗಾಗಿರುತ್ತಿತ್ತು. ಹಾಳಾದ ಬಾಯಿ ನನ್ನದು, ಅಂದೇಬಿಟ್ಟೆ: "ಅಕ್ಕಾ, ಇದೇನು ಕ್ಯಾಂಟೀನಿನ ತಂಗಿ ಥರ ಆಗ್ಬಿಟ್ಟಿದೆ?" ಅವಳು ನನ್ನ ಮುಖ ನೋಡಿ ತಟ್ಟೆ ಎತ್ತಿಕೊಂಡು ಹೋದಳು.

ಒಂದು ದಿನ ಅಂಗಡಿಯ ಪಕ್ಕದ ಕೇರಿಯ ದರ್ಜಿಯ ಯಂತ್ರ ಕೆಟ್ಟಿತ್ತು. ಬೆಳಗಿನ ಲಾರಿ ಹಿಡಿದು ಹೋಗಿ, ಕೆಲಸ ಮುಗಿಸಿ, ಬಸ್ಸು ಬರುವವರೆಗೆ ಕೂರೋಣವೆಂದು ಅಕ್ಕನ ಅಡುಗೆಮನೆಗೆ ಬಂದೆ. ಸೀಮೆಎಣ್ಣೆ ಮುಗಿದು ಒಲೆಗಳೆರಡೂ ಆರಿದ್ದವು. ಆ ಕೋಣೆಯನ್ನು ಅಷ್ಟು ನಿಶ್ಶಬ್ದವಾಗಿ ನಾನು ಎಂದೂ ಕಂಡಿರಲಿಲ್ಲ. ಗೋಡೆಯ ಮಸಿ, ಮೊಳೆಗೆ ತೂಗುಹಾಕಿದ ಸೌಟುಗಳು, ಕಿಟಕಿಗೆ ತಮ್ಮ ಬಿಗಿದ ತಗಡು. ಅಕ್ಕ ನನಗೆ ಬೆನ್ನು ಹಾಕಿ ಕೂತು ಸೊಪ್ಪು ಸೋಸುತ್ತಿದ್ದಳು.

"ಕೊನೆಗೂ ಅವನು ನಂಗೋಸ್ಕರ ಒಂದ್ಸಲ ಊದಲಿಲ್ಲ ನೋಡು," ಎಂದಳು ತಾನಾಗಿಯೇ, ಸೊಪ್ಪಿನಿಂದ ತಲೆ ಎತ್ತದೆ. "ಬಸ್ಸು ನಿಲ್ಲಿಸೋದು ಬೇಡ. ಸಿಟ್ಟಿತ್ತು, ಇರ್ಲಿ. ತಿರುವಲ್ಲಿ ಒಂದು ಸಲ ಊದಿದ್ರೆ ಸಾಕಿತ್ತು, ನಾನೇ ಸೇತುವೆ ತನಕ ಓಡಿಹೋಗಿ ಅವನ ಕೈ ಹಿಡ್ಕೋತಿದ್ದೆ. ದಿನಾ ಕಾದೆ. ಇಷ್ಟು ಬೆಳೆಸಿದೋಳಿಗೆ ಒಂದು ಹಾರ್ನ್ ಇಲ್ವಾ?"

ಅವಳು ಆ ಮಾತು ಮುಗಿಸುವಾಗ ಆಚೆ ದಡದಿಂದ ಹಾರ್ನ್ ಕೇಳಿಸಿತು. ತುಂಬಿದ ಬಸ್ಸಿನದು, ಉದ್ದನೆಯದು. ನೀರಿನ ಮೇಲೆ ಹಾದು, ತಗಡನ್ನೂ ಝಲ್ಲೆನ್ನಿಸಿ, ಕೋಣೆಯೊಳಗೇ ಊದಿದಂತೆ ಬಂತು. ಹೊಸ್ತಿಲಲ್ಲಿ ಮಲಗಿದ್ದ ನಾಯಿ ತಲೆ ಎತ್ತಿತು. ಅಕ್ಕ ಸೊಪ್ಪಿನ ಇನ್ನೊಂದು ಕಡ್ಡಿ ಮುರಿದಳು.

"ಅಕ್ಕಾ," ಎಂದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದೆ. ತಿರುಗಲಿಲ್ಲ. ಅವಳಿಗೆ ಕೇಳಿಸಿಯೇ ಇರಲಿಲ್ಲ. ಎಷ್ಟೋ ವರ್ಷ ಆ ಒಲೆಗಳ ಭೋರ್ಗರೆತದ ಪಕ್ಕದಲ್ಲೇ ನಿಂತವಳು. ನಾವು ಅವಳ ಎದುರಿಗೆ ನಿಂತು ಕಿರುಚಿದೆವು, ಅವಳು ನಮ್ಮ ಮುಖ ನೋಡಿ ಉತ್ತರ ಕೊಟ್ಟಳು, ಎಲ್ಲವೂ ಸರಿ ಇದ್ದಂತೆ ಕಂಡಿತು. ಒಂದಿಡೀ ಬಸ್ಸಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಎದ್ದು ಹೋಗಿ ಅವಳ ಎದುರು ಕೂತು ಕೈ ಹಿಡಿದುಕೊಂಡೆ. "ಅಕ್ಕಾ, ಈಗ ಬಸ್ಸು ಹಾರ್ನ್ ಊದ್ತು."

"ನೀನೂ ಅವರ ಕಡೆಗೇ ಸೇರಿದೆಯಾ?" ಎಂದು ಅವಳು ಕೈ ಕೊಸರಿಕೊಂಡಳು. ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಬಸ್ಸು ಬಂದು ಅಂಗಡಿಯ ಮುಂದೆ ನಿಲ್ಲುವವರೆಗೆ ಕಾದು, ಅವಳನ್ನು ಎಳೆದುಕೊಂಡೇ ಹೊರಗೆ ಬಂದೆ. ಹೊಸ ಡ್ರೈವರಿಗೆ ಹೇಳಿದೆ, "ಇಳೀಬೇಡ, ಹಾರ್ನ್ ಊದು. ನಾನು ಸಾಕು ಅನ್ನೋವರೆಗೂ ಊದು." ಇವಳಿಗೆ ತಲೆ ಕೆಟ್ಟಿದೆ ಎಂಬಂತೆ ನೋಡಿ ಅವನು ಊದಿದ. ಇಳಿಯುತ್ತಿದ್ದವರೆಲ್ಲ ಕಿವಿ ಮುಚ್ಚಿಕೊಂಡರು, ಒಂದು ಕೂಸು ಚೀರಿ ಅಳತೊಡಗಿತು, ನಾಯಿ ಓಡಿಹೋಯಿತು. ಅಕ್ಕ ಒಬ್ಬಳೇ ಕಿವಿ ಮುಚ್ಚಿಕೊಳ್ಳಲಿಲ್ಲ. ಅವಳು ಡ್ರೈವರನ ಕೈಯನ್ನು ನೋಡಿದಳು, ಜನರ ಕಿವಿಯ ಮೇಲಿನ ಕೈಗಳನ್ನು ನೋಡಿದಳು, ಅಳುವ ಮಗುವಿನ ಬಾಯಿ ನೋಡಿದಳು.

"ಆಚೆ ಮನೇಲಿ ಯಾರೋ ಮಾತಾಡ್ದಂಗೆ ಕೇಳತ್ತೆ," ಎಂದಳು ಮೆಲ್ಲಗೆ. "ಇಷ್ಟೇನಾ ನಂಗೆ ಕೇಳೋದು?"

ಅಂದು ಅವಳು ಯಾರಿಗೂ ಬಡಿಸಲಿಲ್ಲ. ನಾವೇ ಬಡಿಸಿಕೊಂಡೆವು. ಬಸ್ಸು ಹೋಯಿತು, ನಾನು ಹತ್ತಲಿಲ್ಲ. ಅಡುಗೆಮನೆಯಲ್ಲಿ ಅವಳು ನನ್ನನ್ನು ಎದುರಿಗೆ ಕೂರಿಸಿಕೊಂಡಳು.

"ಊದ್ತಿದ್ನಾ?"

"ಊದ್ತಿದ್ದ."

"ನಿಲ್ಲಿಸೋದು ಬಿಟ್ಟ ಮೇಲೂ?"

"ಒಂದು ದಿನಾನೂ ಬಿಟ್ಟಿಲ್ಲ ಅಕ್ಕ."

"ಏನಂತಿದ್ದ?"

ಇಲ್ಲಿ ಸುಳ್ಳು ಹೇಳೋಣ ಎಂದುಕೊಂಡೆ. ಸುಮ್ಮನೆ ಊದುತ್ತಿದ್ದ, ಏನೂ ಅನ್ನುತ್ತಿರಲಿಲ್ಲ ಎಂದುಬಿಟ್ಟರೆ ಅವಳ ಪಾಲಿನ ನೋವು ಅಷ್ಟಾದರೂ ಕಡಿಮೆಯಾದೀತು. ಬಾಯಿ ತೆರೆದೆ. ಆದರೆ ಜನರ ಹೊಟ್ಟೆಯೊಳಗಿನದನ್ನು ಮುಖದಲ್ಲೇ ಓದಿ ಬಡಿಸುತ್ತಿದ್ದವಳು ಅವಳು, ಕಣ್ಣಲ್ಲಿ ಕಣ್ಣಿಟ್ಟು ಕೂತಿದ್ದಳು. ತೆರೆದ ಬಾಯಿ ಮುಚ್ಚಿದೆ.

"ನುಂಗ್ಬೇಡ, ಹೇಳು," ಎಂದಳು.

ಹೇಳಿದೆ. ವೇಗ ಇಳಿಸುತ್ತಿದ್ದದ್ದು, ಹಿಂಬಾಗಿಲನ್ನೇ ನೋಡುತ್ತಿದ್ದದ್ದು, ಇವತ್ತೂ ಬರಲಿಲ್ಲ ಎನ್ನುತ್ತಿದ್ದದ್ದು, ಸೌಟು ತೋರಿಸಿದರೆ ಸಾಕು ಎಂದದ್ದು. ಅವಳು ನನ್ನ ತುಟಿಗಳಿಂದ ಒಂದೊಂದೇ ಮಾತನ್ನು ಎತ್ತಿಕೊಂಡಳು.

"ಬಾಗಿಲಿಗೆ ಬಂದಿದ್ರೆ ಸಾಕಿತ್ತಾ?"

"ಸಾಕಿತ್ತು."

"ನಾಲ್ಕು ಹೆಜ್ಜೆ ಇಲ್ವಲ್ಲೇ ಇಲ್ಲಿಂದ ಬಾಗಿಲಿಗೆ!" ಎಂದಳು. ಆಮೇಲೆ ಅತ್ತಳು. ತಮ್ಮನ ಹೆಣದ ಮುಂದೆ ಅಳದವಳು ಅತ್ತ ಸದ್ದು ಎಷ್ಟು ದೊಡ್ಡದಾಗಿತ್ತು ಎಂದು ಅವಳಿಗೇ ತಿಳಿಯುತ್ತಿರಲಿಲ್ಲ. ಕೇರಿಯವರೆಲ್ಲ ಓಡಿಬಂದರು. "ಅವನು ದಿನಾ ಕರೆದ. ನಾನು ಮುಖ ತಿರುಗಿಸ್ಕೊಂಡು ಕೂತೆ. ಅಕ್ಕಂಗೆ ನಾನು ಬೇಡ ಅಂದ್ಕೊಂಡೇ ಹೋಗ್ಬಿಟ್ಟ ನನ್ನ ಕೂಸು," ಎಂದು ಹೇಳಿ ಹೇಳಿ ಅತ್ತಳು. ಯಾರಿಗೆ ತಾನೇ ಏನು ಸಮಾಧಾನ ಹೇಳಲು ಬಂದೀತು? ನಾನೂ ಜೊತೆಗೆ ಅತ್ತೆ.

ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕಿಟಕಿಯ ಕಡೆ ಕೈ ತೋರಿಸಿದಳು. "ಇದನ್ನ ತೆಗೆದ್ಬಿಡು."

ಚೀಲದಿಂದ ಸ್ಕ್ರೂಡ್ರೈವರ್ ತೆಗೆದೆ. ತುಕ್ಕು ಹಿಡಿದ ಸ್ಕ್ರೂಗಳು ಅಷ್ಟು ಸುಲಭಕ್ಕೆ ಬಿಡಲಿಲ್ಲ, ತಮ್ಮ ಗಟ್ಟಿಯಾಗಿ ಬಿಗಿದಿದ್ದ. ಎಣ್ಣೆ ಬಿಟ್ಟು, ನೆನೆಯಲು ಬಿಟ್ಟು, ಒಂದೊಂದನ್ನೇ ತಿರುಗಿಸಿದೆ. ತಗಡು ಕಳಚಿದಾಗ ಹೊಳೆಯ ಗಾಳಿ ನುಗ್ಗಿಬಂದು ಸೌಟುಗಳೆಲ್ಲ ಮೊಳೆಯಲ್ಲಿ ಅಲ್ಲಾಡಿದವು. ಎದುರಿಗೆ ಆಚೆ ದಡದ ರಸ್ತೆ ಅಂಗೈಯಷ್ಟು ಸ್ಪಷ್ಟವಾಗಿತ್ತು. ಅಕ್ಕ ಚೌಕಟ್ಟನ್ನು ಹಿಡಿದುಕೊಂಡು ಬಹಳ ಹೊತ್ತು ಅಲ್ಲೇ ನಿಂತಳು.

ಮುಂದಿನ ವಾರ ನಾನು ಎಂದಿನಂತೆ ಮುಂದಿನ ಸೀಟಿನಲ್ಲಿದ್ದೆ. ತಿರುವಿನಲ್ಲಿ ಹೊಸ ಡ್ರೈವರ್ ಊದಿದ. ಊದುವ ಮೊದಲೇ ಕಿಟಕಿಯಲ್ಲಿ ಅಕ್ಕ ಕಾಣಿಸಿದಳು. ಸೌಟನ್ನು ಹೊರಗೆ ಚಾಚಿ ಅಲ್ಲಾಡಿಸುತ್ತಿದ್ದಳು. ಬಸ್ಸು ಮುಂದೆ ಹೋಗುತ್ತಿದ್ದರೂ ಕೈ ಇಳಿಸಲಿಲ್ಲ, ಕುತ್ತಿಗೆ ಹೊರಗೆ ಹಾಕಿ ಅಲ್ಲಾಡಿಸುತ್ತಲೇ ಇದ್ದಳು.

"ಅಯ್ಯೋ ಪಾಪ, ನಂಗೆ ಇಷ್ಟೊತ್ತು ಯಾಕೆ ಕೈ ಬೀಸ್ತಿದಾರೆ ಅವ್ರು?" ಎಂದ ಡ್ರೈವರ್ ನಗುತ್ತಾ.

"ನಿಂಗಲ್ಲಪ್ಪ," ಎಂದೆ. "ನೀನು ಬಸ್ಸು ಬಿಡು."

ನಾವು ಸುತ್ತು ಹಾಕಿ ಹೋದಾಗ ಅನ್ನದ ಮೇಲೆ ಹಬೆ ಆಡುತ್ತಿತ್ತು, ಮೀನು ಆಗಷ್ಟೇ ಬಾಣಲೆಯಿಂದ ಎದ್ದಿತ್ತು. ಡ್ರೈವರನ ಮೂಲೆಯಲ್ಲಿ ಎರಡು ತಟ್ಟೆ ಬಡಿಸಿತ್ತು. ಒಂದರ ಮುಂದೆ ಹೊಸ ಡ್ರೈವರ್ ಕೂತ. ಇನ್ನೊಂದು ಯಾರದು ಎಂದು ಅವನು ಕೇಳಿದ, ಅಕ್ಕನಿಗೆ ಕೇಳಿಸಲಿಲ್ಲ, ನಾನು ಎದ್ದು ಆ ತಟ್ಟೆಯ ಪಕ್ಕ ಒಂದು ಲೋಟ ನೀರಿಟ್ಟೆ.